ಎಮ್ಮೆಯ ಕಾಲಿಗೆ ಕೂತ ನೊಣ ಹುಟ್ಟಿದ್ದು ಎಲ್ಲಿ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಮಳೆ ಹೊಳವಾಗಿ ಬಿಸಿಲು ಬಿದ್ದಾಗ ಒಮ್ಮೆ, ನೆಲ್ಲು ಕೊಯ್ದು ಹುಲ್ಲು ಮನೆಗೆ ಬಂದಾಗ ಒಮ್ಮೆ, ವರ್ಷಕ್ಕೆ ಎರಡು ಸಲ ಈ ಅಂಕಣಕ್ಕೆ ಅದೇ ಪ್ರಶ್ನೆ ಬಂದು ಬೀಳುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ: ಊರು ಯಾವುದಾದರೂ ಮಾತು ಒಂದೇ, "ನೊಣಕ್ಕ ಯಾವ ಔಷಧ ಹೊಡೀಬೇಕ್ರಿ?" ಹೆಸರು ಬರೆದುಕೊಟ್ಟರೆ ತಂದು ಹೊಡೆಯುತ್ತಾರೆ, ಮುಂದಿನ ವಾರ ಅದೇ ಕೈಬರಹದಲ್ಲಿ ಅದೇ ಪ್ರಶ್ನೆ. ಹೀಗಾಗಿ ಈ ಸಲ ಜಾಗವೆಲ್ಲ ಇದಕ್ಕೇ. ಉಳಿದವರು ಚುಟುಕು ಉತ್ತರಕ್ಕೆ ಬೇಸರ ಮಾಡಿಕೊಳ್ಳಬಾರದು. ದಿನಾ ಕಸ ಬಳಿಯಬೇಕು, ದನಕ್ಕೆ ನೀರು ಕುಡಿಸಬೇಕು ಎಂಬಂಥವನ್ನು ದನ ಕಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ, ಅವನ್ನು ಬಿಟ್ಟಿದ್ದೇನೆ.

"ಎರಡು ಮುರ್ರಾ ಎಮ್ಮಿ, ಒಂದು ಜರ್ಸಿ ಆಕಳ ಅದಾವ್ರಿ. ಹದಿನೈದು ದಿನ ಆತು, ಕಾಲು ಝಾಡಿಸಿ ಝಾಡಿಸಿ ಒಂದ ಕಡೆ ನಿಲ್ಲವಲ್ವು. ಹಾಲು ಒಂದೊಂದು ಲೀಟರ್ ಇಳಿದದ. ವಾರಕ್ಕ ಎರಡು ಸಲ ಔಷಧ ಹೊಡದೀನಿ, ಸಂಜಿಗೆ ಮತ್ತ ಬರ್ತಾವ. ಇದಕ್ಕಿಂತ ಪವರ್ ಇರೋದು ಯಾವುದದ ಹೇಳ್ರಿ." (ಕಾರಟಗಿ ಕಡೆಯ ರೈತರು)

ಪವರ್ ಇರುವುದರ ಹೆಸರು ಹೇಳುವುದಿಲ್ಲ. ನೀವು ಔಷಧ ಹೊಡೆದದ್ದು ಎಮ್ಮೆಯ ಮೈಗೆ. ನಿಮ್ಮ ಮನೆಯ ನೊಣ ಎಮ್ಮೆಯ ಮೈಮೇಲೆ ಇರುವುದು ದಿನಕ್ಕೆ ಐದೋ ಹತ್ತೋ ನಿಮಿಷ. ಉಳಿದ ಹೊತ್ತೆಲ್ಲ ಗೋಡೆ, ಕಂಬ, ಗೋಣಿಚೀಲದ ಮೇಲೆ ಕೂತು ಕುಡಿದ ರಕ್ತ ಅರಗಿಸಿಕೊಳ್ಳುತ್ತಿರುತ್ತದೆ. ಇವತ್ತು ನೀವು ಕೊಂದ ನೊಣದ ಜಾಗಕ್ಕೆ ನಾಳೆ ಬರುವುದು ಈಗಾಗಲೇ ನಿಮ್ಮ ಹಿತ್ತಲಲ್ಲೇ ಹುಳುವಾಗಿ ಬೆಳೆಯುತ್ತಿದೆ.

ಮೊದಲು ಯಾವ ನೊಣ ಎಂದು ತಿಳಿದುಕೊಳ್ಳಿ. ಅದು ದನದ ಮೈಮೇಲೆ ಎಲ್ಲಿ ಕೂತಿದೆ ಎಂದು ನೋಡಿದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮೊಣಕಾಲಿನ ಕೆಳಗೆ, ತಲೆ ಮೇಲೆ ಮಾಡಿ ಕೂತಿದ್ದರೆ ಕೊಟ್ಟಿಗೆ ನೊಣ. ವಿಜ್ಞಾನದ ಹೆಸರು ಸ್ಟೊಮೊಕ್ಸಿಸ್ ಕ್ಯಾಲ್ಸಿಟ್ರಾನ್ಸ್. ಭುಜ, ಬೆನ್ನು, ಪಕ್ಕೆಯ ಮೇಲೆ ನೂರಾರು ಸಣ್ಣ ನೊಣ ಒಟ್ಟಿಗೆ ಕೂತು ಹಗಲೂ ರಾತ್ರಿ ಅಲ್ಲೇ ಇದ್ದರೆ ಅದು ಎಮ್ಮೆ ನೊಣ, ಹೆಮಟೋಬಿಯಾ. ಗಾತ್ರದಲ್ಲಿ ಮನೆ ನೊಣದ ಅರ್ಧ. ಬಾಲದ ಬುಡ, ತೊಡೆಸಂದಿಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಓಡಿ, ಬೆರಳಲ್ಲಿ ಹಿಚುಕಿದರೂ ಸಾಯದಿದ್ದರೆ ಹಿಪ್ಪೊಬೋಸ್ಕಾ. ದಪ್ಪನೆಯ ಮೈ, ಹೊಳೆಯುವ ದೊಡ್ಡ ಕಣ್ಣು, ಎದ್ದುಹೋದ ಮೇಲೆ ಕಚ್ಚಿದ ಕಡೆ ರಕ್ತ ಹನಿದರೆ ಕುದುರೆ ನೊಣ.

ನೀವು ಬರೆದ ಲಕ್ಷಣ ಕೊಟ್ಟಿಗೆ ನೊಣದ್ದು. ಖಾತ್ರಿ ಬೇಕಿದ್ದರೆ ಒಂದನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು ಪಕ್ಕದಿಂದ ನೋಡಿ. ಮನೆ ನೊಣದಷ್ಟೇ ದೊಡ್ಡದು, ಬೂದು ಬಣ್ಣ, ಹೊಟ್ಟೆಯ ಮೇಲೆ ಚದುರಂಗದ ಮನೆಯ ಹಾಗೆ ದುಂಡನೆಯ ಕಪ್ಪು ಚುಕ್ಕೆ. ಬಾಯಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ಮನೆ ನೊಣದ ಬಾಯಿ ಮೆತ್ತಗೆ, ಕೆಳಕ್ಕೆ ಇಳಿಬಿದ್ದಿರುತ್ತದೆ. ಇದರದು ಗಟ್ಟಿಯಾದ ಕಪ್ಪು ಸೂಜಿ, ತಲೆಯ ಕೆಳಗಿನಿಂದ ನೇರವಾಗಿ ಮುಂದಕ್ಕೆ ಚಾಚಿರುತ್ತದೆ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ಕಚ್ಚುತ್ತದೆ, ಇದರಲ್ಲಿ ಗಂಡೂ ಕಚ್ಚುತ್ತದೆ.

ಈಗ ಎಣಿಸಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ದನದಿಂದ ನಾಲ್ಕು ಮೀಟರ್ ದೂರ ನಿಂತು, ಮುಂಗಾಲು ಒಂದರ ಹೊರಮೈ, ಇನ್ನೊಂದರ ಒಳಮೈ ನೋಡಿ. ಮೂರ್ನಾಲ್ಕು ದನದ ಸರಾಸರಿ ಕಾಲಿಗೆ ಐದು ದಾಟಿದರೆ ಹಾಲು ಇಳಿಯುತ್ತದೆ. ನೊಣ ಕುಡಿಯುವ ರಕ್ತಕ್ಕಿಂತ ದೊಡ್ಡ ನಷ್ಟ ಬೇರೆ ಕಡೆಯಿಂದ ಬರುತ್ತದೆ. ದನ ಮೇವು ಬಿಟ್ಟು ಕಾಲು ಬಡಿಯುತ್ತದೆ, ಮಲಗುವುದಿಲ್ಲ, ಮೆಲುಕು ಹಾಕುವುದಿಲ್ಲ, ಬಿಸಿಲಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತು ಏದುತ್ತದೆ. ಹಾಲಿನ ಲೀಟರ್ ಹೋದದ್ದು ಅಲ್ಲಿ.

ಹುಟ್ಟುವ ಜಾಗಕ್ಕೆ ಬರೋಣ. ಎಮ್ಮೆ ನೊಣ ಮೊಟ್ಟೆ ಇಡುವುದು ಆಗಷ್ಟೇ ಬಿದ್ದ ಬಿಸಿ ಸೆಗಣಿಯಲ್ಲಿ. ಕೊಟ್ಟಿಗೆ ನೊಣಕ್ಕೆ ಬರೀ ಸೆಗಣಿ ಅಷ್ಟು ರುಚಿಸದು. ಅದಕ್ಕೆ ಬೇಕಾದದ್ದು ನೆನೆದು ಹುಳಿ ವಾಸನೆ ಬಂದ ಹುಲ್ಲು, ಅದರಲ್ಲಿ ಬೆರೆತ ಗಂಜಲ, ಸ್ವಲ್ಪ ಸೆಗಣಿ. ತುಂಗಭದ್ರಾ ಕಾಲುವೆಯ ಕೆಳಗೆ ನೆಲ್ಲು ಬೆಳೆಯುವ ಊರುಗಳಲ್ಲಿ ಇದಕ್ಕೆ ಬರವೇ ಇಲ್ಲ. ಜೋಳದ ಕಣಕಿಯನ್ನು ದನ ದಂಟಿನ ಬುಡ ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತಿತ್ತು. ನೆಲ್ಲುಹುಲ್ಲನ್ನು ಕಾಲಡಿ ಎಳೆದುಹಾಕಿ ತುಳಿಯುತ್ತದೆ. ಗೋದಲಿಯಿಂದ ಬಿದ್ದ ಹುಲ್ಲಿಗೆ ಗಂಜಲ ಸೇರಿ, ಅದರ ಮೇಲೆ ಮತ್ತೆ ಹುಲ್ಲು ಬಿದ್ದು, ಹತ್ತು ದಿನದಲ್ಲಿ ಗೇಣುದ್ದದ ಮೆತ್ತೆಯಾಗುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡು ವಾರ, ಚಳಿ ಇದ್ದರೆ ಮೂರು ವಾರದ ಮೇಲೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ.

ನಾಳೆ ಬೆಳಿಗ್ಗೆ ಸಲಿಕೆ ಹಿಡಿದು ನಾಲ್ಕು ಜಾಗ ಕೆದಕಿ. ಗೋದಲಿಯ ಬುಡ, ನೀರಿನ ತೊಟ್ಟಿ ಸೋರಿ ಹಸಿಯಾದ ಮೂಲೆ, ಬಣವಿಯ ತಳ, ಅದರಲ್ಲೂ ಮಳೆನೀರು ಹರಿದುಬರುವ ಕಡೆ, ತಿಪ್ಪೆಯ ಅಂಚು. ತಿಪ್ಪೆಯ ನಡು ಕೆದಕುವುದು ದಂಡ, ಅಲ್ಲಿ ಕಾವು ಹೆಚ್ಚು, ಹುಳ ಬದುಕದು. ಅಂಚಿನ ಕಡೆ, ಮೇಲಿನಿಂದ ನಾಲ್ಕೈದು ಬೆರಳು ಆಳದಲ್ಲಿ ಹಳದಿ ಮಿಶ್ರಿತ ಬಿಳಿ ಹುಳುಗಳು ಸಿಗುತ್ತವೆ. ಸ್ವಲ್ಪ ಒಣಗಿದ ಬದಿಯಲ್ಲಿ ಜೀರಿಗೆ ಕಾಳಿಗಿಂತ ದಪ್ಪನೆಯ ಕಂದು ಗೂಡುಗಳೂ ಇರುತ್ತವೆ. ಅವುಗಳಲ್ಲಿ ಹತ್ತಿಪ್ಪತ್ತು ಅಂಗೈ ಮೇಲೆ ಹಾಕಿ ನೋಡಿ. ತುದಿಯ ಟೋಪಿ ಬಿಚ್ಚಿದ್ದರೆ ನೊಣ ಹೊರಟುಹೋಗಿದೆ. ಪಕ್ಕದಲ್ಲಿ ಸೂಜಿಮೊನೆಯಷ್ಟು ದುಂಡನೆಯ ತೂತು ಇದ್ದರೆ ಒಳಗಿನ ನೊಣವನ್ನು ತಿಂದು ಒಂದು ಸಣ್ಣ ಕಣಜ ಹೊರಬಂದಿದೆ. ಆ ಕಣಜ ನಿಮ್ಮ ಪರವಾಗಿ ಪುಕ್ಕಟೆ ದುಡಿಯುವ ಆಳು. ತಿಪ್ಪೆಗೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅದು, ಆಳದಲ್ಲಿರುವ ಹುಳಕ್ಕೆ ಔಷಧ ತಲುಪುವುದೇ ಇಲ್ಲ.

ಹುಳ ಸಿಕ್ಕ ಜಾಗವನ್ನು ಒಣಗಿಸಬೇಕು, ಇಲ್ಲವೇ ಬೇಯಿಸಬೇಕು.

ಒಣಗಿಸುವುದೆಂದರೆ ಆ ಮೆತ್ತೆಯನ್ನು ಪೂರ್ತಿ ಎತ್ತಿ, ಬಿಸಿಲಲ್ಲಿ ಎರಡು ಇಂಚಿಗಿಂತ ದಪ್ಪ ಆಗದಂತೆ ಹರವುವುದು. ಮಾರನೇ ದಿನ ಒಮ್ಮೆ ತಿರುವಿಹಾಕಬೇಕು. ರಾಯಚೂರಿನ ಬಿಸಿಲಿಗೆ ಎರಡು ದಿನ ಸಾಕು, ಕೋಳಿ ಬಿಟ್ಟರೆ ಇನ್ನೂ ಒಳ್ಳೆಯದು. ಗುಡ್ಡೆ ಹಾಕಿ ಬಿಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಹತ್ತರಲ್ಲಿ ಎಂಟು ಮಂದಿ ತಪ್ಪುವುದು ಇಲ್ಲಿಯೇ. ಎತ್ತಿದ ಜಾಗದ ನೆಲ ಹಸಿಯಿದ್ದರೆ ಒಲೆ ಬೂದಿ ಅಥವಾ ಒಣ ಮರಳು ಎರಚಿ.

ಬೇಯಿಸುವುದು ಮಳೆ ಬಿಡದಿದ್ದಾಗ. ಹಸಿ ಕಸವನ್ನೆಲ್ಲ ಒಂದು ಕಡೆ ಸೊಂಟದೆತ್ತರ ಒಟ್ಟಿ, ಮೇಲೆ ಕಪ್ಪು ಪ್ಲಾಸ್ಟಿಕ್ ತಾಡಪಾಲು ಹೊದಿಸಿ, ಸುತ್ತ ಅಂಚಿಗೆ ಮಣ್ಣು ಎಳೆದು ಗಾಳಿ ಆಡದಂತೆ ಮುಚ್ಚಿ. ಒಳಗಿನ ಕಾವು ಐವತ್ತು ಡಿಗ್ರಿ ದಾಟಿದರೆ ಹುಳ ಉಳಿಯುವುದಿಲ್ಲ. ವಾರಕ್ಕೊಮ್ಮೆ ತೆಗೆದು ಅಂಚಿನದು ನಡುವಿಗೆ, ನಡುವಿನದು ಅಂಚಿಗೆ ಬರುವಂತೆ ತಿರುವಿ ಮತ್ತೆ ಮುಚ್ಚಬೇಕು. ವಾರ ಎಂಬುದನ್ನು ಸುಮ್ಮನೆ ಹೇಳಿಲ್ಲ. ನೊಣಕ್ಕೆ ಬೇಕಾದದ್ದು ಎರಡು ವಾರ, ಅದರೊಳಗೆ ಒಂದು ಸಲವಾದರೂ ಪ್ರತಿ ಹುಳವೂ ಕಾವಿನೊಳಗೆ ಸಿಕ್ಕಬೇಕು. ಹದಿನೈದು ದಿನಕ್ಕೊಮ್ಮೆ ತಿರುವಿದರೆ ನೊಣ ಹಾರಿಹೋದ ಮೇಲೆ ತಿರುವಿದಂತೆ.

ಬಣವಿ ನೆಲಕ್ಕೆ ತಾಗಬಾರದು. ಕಲ್ಲು, ಹಳೆಯ ಕಂಬ, ಹತ್ತಿಕಟ್ಟಿಗೆ ಯಾವುದಾದರೂ ಹಾಕಿ ಒಂದಡಿ ಎತ್ತರಿಸಿ, ಸುತ್ತ ನೀರು ಹೋಗಲು ಗೇಣು ಆಳದ ಕಾಲುವೆ ತೆಗೆಯಿರಿ. ಎರೆ ನೆಲದಲ್ಲಿ ನೀರು ಇಂಗುವುದಿಲ್ಲ, ತಳ ಮೂರು ತಿಂಗಳಾದರೂ ಒದ್ದೆಯೇ ಇರುತ್ತದೆ. ಗೋದಲಿಗೆ ಹುಲ್ಲು ಕತ್ತರಿಸಿ ಹಾಕಿದರೆ ಅರ್ಧದಷ್ಟು ಕೆಳಗೆ ಬೀಳುವುದೇ ಇಲ್ಲ. ಇದಕ್ಕೆ ಹೆದರಿ ಯಾರೂ ಗದ್ದೆಯ ಹುಲ್ಲಿಗೆ ಬೆಂಕಿ ಇಡಬೇಡಿ. ಒಣ ಹುಲ್ಲಿನಲ್ಲಿ ನೊಣ ಹುಟ್ಟುವುದಿಲ್ಲ.

ಇದನ್ನೆಲ್ಲ ಮಾಡಿದರೂ ಈಗಾಗಲೇ ಹಾರಾಡುತ್ತಿರುವ ನೊಣ ಮೂರು ವಾರ ಕಾಡುತ್ತದೆ. ಅಷ್ಟು ದಿನಕ್ಕೆ ಬಲೆ ಇಡಿ. ಎರಡಡಿ ಚೌಕದ ಬಿಳಿ ಪ್ಲಾಸ್ಟಿಕ್ ಹಲಗೆಗೆ ಹರಳೆಣ್ಣೆ ಅಥವಾ ಗ್ರೀಸ್ ತೆಳ್ಳಗೆ ಸವರಿ, ದನದಿಂದ ಏಳೆಂಟು ಮೀಟರ್ ದೂರ, ಬಿಸಿಲು ಬೀಳುವ ಕಡೆ, ಮೊಣಕಾಲೆತ್ತರಕ್ಕೆ ನೆಡಿ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಕಟ್ಟುವ ಹಾಗೆ ಎತ್ತರಕ್ಕೆ ಕಟ್ಟಬೇಡಿ. ಈ ನೊಣ ದನದ ಕಾಲು ಹುಡುಕುತ್ತ ನೆಲಕ್ಕೆ ಹತ್ತಿರವೇ ಹಾರುತ್ತದೆ. ಧೂಳು ಕೂತರೆ ಅಂಟು ಹೋಗುತ್ತದೆ, ಎರಡು ದಿನಕ್ಕೊಮ್ಮೆ ಒರೆಸಿ ಮತ್ತೆ ಸವರಿ. ಕೊಟ್ಟಿಗೆಯ ತೆರೆದ ಬದಿಗೆ ಹಳೆಯ ಸೊಳ್ಳೆಪರದೆಯನ್ನು ನೆಲದಿಂದ ಎದೆಮಟ್ಟಕ್ಕೆ ಕಟ್ಟಿದರೂ ಬಹಳಷ್ಟು ತಡೆಯುತ್ತದೆ. ಎಮ್ಮೆಯನ್ನು ಸಂಜೆ ಕೆಸರಿಗೆ ಬಿಡುವುದಾದರೆ ಬಿಡಿ, ಒಣಗಿದ ಕೆಸರಿನ ಮೇಲೆ ಸೂಜಿ ಇಳಿಯದು.

ಔಷಧ ಹೊಡೆಯಲೇಬೇಕು ಎನ್ನುವವರಿಗೆ: ದನಕ್ಕೆಂದೇ ಮಾರುವ 1.25% ಡೆಲ್ಟಾಮೆಥ್ರಿನ್ ಒಂದು ಲೀಟರ್ ನೀರಿಗೆ 2 ಮಿಲಿ, ಲೇಬಲ್ಲಿನಲ್ಲಿ ಬೇರೆ ಅಳತೆ ಇದ್ದರೆ ಲೇಬಲ್ಲಿನಂತೆ. ಹಾಲು ಕರೆದ ಮೇಲೆ, ತಂಪು ಹೊತ್ತಿನಲ್ಲಿ, ದನ ನೀರು ಕುಡಿದಿರುವಾಗ. ಬೆನ್ನಿಗೆ ಸುರಿಯಬೇಡಿ, ಕಾಲು ಮತ್ತು ಹೊಟ್ಟೆಯ ಕೆಳಗೆ ಹೊಡೆಯಿರಿ. ಅದೇ ದ್ರಾವಣವನ್ನು ನೊಣ ಕೂರುವ ಗೋಡೆ, ಕಂಬಕ್ಕೆ ಹೊಡೆದರೆ ದನಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ಫಲ. ಕೆಚ್ಚಲು, ಗೋದಲಿ, ನೀರಿನ ತೊಟ್ಟಿಗೆ ತಾಗಬಾರದು. ಪಂಪು ತೊಳೆದ ನೀರು ಕೆರೆ ಕಾಲುವೆಗೆ ಹೋದರೆ ಮೀನು ಸಾಯುತ್ತವೆ. ಮನೆಯ ಬೆಕ್ಕನ್ನು ದೂರ ಇಡಿ, ಅದಕ್ಕೆ ಇದು ವಿಷ.

ಇಷ್ಟು ವಿವರ ಬರೆಯಲು ಮುಖ್ಯ ಕಾರಣ ಇನ್ನೊಂದಿದೆ. ಹೊಲಕ್ಕೆ ತಂದ ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಡಬ್ಬಿಯಲ್ಲಿ ಉಳಿದದ್ದನ್ನು "ಅಂದಾಜಿಗೆ ಒಂದು ಮುಚ್ಚಳ" ದನದ ಮೈಗೆ ಸುರಿಯುವವರು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿದ್ದಾರೆ. ಅದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಚಿಕ್ಕದಾಗುವುದು, ಮೈ ನಡುಕ, ಉಬ್ಬಸ, ಆಮೇಲೆ ದನ ಕೆಳಗೆ ಬೀಳುತ್ತದೆ. ಈ ಲಕ್ಷಣ ಕಂಡರೆ ಮೈಯನ್ನು ಸೋಪು ನೀರಿನಿಂದ ತೊಳೆಯುತ್ತಲೇ ವೈದ್ಯರಿಗೆ ಫೋನ್ ಮಾಡಿ, ಹೊಡೆದ ಡಬ್ಬಿಯನ್ನು ಮುಚ್ಚಿಡದೆ ತೋರಿಸಿ. ಈ ವಿಷಕ್ಕೆ ಪ್ರತಿಮದ್ದಾದ ಆಟ್ರೊಪಿನ್ ಸೂಜಿ ಹೊತ್ತಿಗೆ ಸರಿಯಾಗಿ ಬಿದ್ದರೆ ಮಾತ್ರ ಬದುಕುತ್ತದೆ. ಎಮ್ಮೆಯ ಬೆಲೆ ಗೊತ್ತಿದ್ದೂ ಹೀಗೆ ಮಾಡುವುದನ್ನು ಕಂಡರೆ ಸಿಟ್ಟು ಬರುತ್ತದೆ.

"ನಮ್ಮದು ದರೋಜಿ ಕರಡಿಧಾಮದ ಬಾಜೂಕಿನ ಊರು. ಕರಡಿ, ಚಿರತಿ ಮೈಮ್ಯಾಲಿನ ನೊಣ ಬಂದು ನಮ್ಮ ದನಕ್ಕ ರೋಗ ಹಚ್ಚತಾವಂತ. ಅರಣ್ಯ ಇಲಾಖೆಯವರು ಔಷಧ ಹೊಡಸಬೇಕಲ್ಲ?"

ದಾರಿ ತಿರುಗಾಮುರುಗಾ ಆಗಿದೆ. ನೊಣ ಹೋಗುತ್ತಿರುವುದು ನಿಮ್ಮ ಕೊಟ್ಟಿಗೆಯಿಂದ ಕಾಡಿಗೆ.

ಮೇಲೆ ಹೇಳಿದ ಇದೇ ಕೊಟ್ಟಿಗೆ ನೊಣ 1962ರಲ್ಲಿ ಆಫ್ರಿಕಾದ ಎನ್‌ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಕುಳಿಯಲ್ಲಿ ಏನು ಮಾಡಿತು ಎಂದು ಕೇಳಿ. ವಿಪರೀತ ಮಳೆಯಾಗಿ ನೊಣ ಮಿತಿಮೀರಿ ಹೆಚ್ಚಿತು. ಸಿಂಹಗಳ ಮೈತುಂಬ ಹಸಿ ಗಾಯವಾಗಿ, ಬೇಟೆಯಾಡಲು ತ್ರಾಣವಿಲ್ಲದೆ, ನೊಣ ತಪ್ಪಿಸಿಕೊಳ್ಳಲು ಮರ ಹತ್ತಿದವು, ಕತ್ತೆಕಿರುಬದ ಬಿಲಕ್ಕೆ ನುಗ್ಗಿದವು. ಅರವತ್ತಕ್ಕೂ ಹೆಚ್ಚು ಇದ್ದ ಸಿಂಹಗಳು ಹತ್ತರ ಆಸುಪಾಸಿಗೆ ಇಳಿದವು. ಎಮ್ಮೆಗೆ ಬಾಲವಿದೆ, ಕೆಸರಿದೆ, ನೀವಿದ್ದೀರಿ. ಕಾಡುಪ್ರಾಣಿಗೆ ಯಾರಿದ್ದಾರೆ?

ರೋಗದ ಮಾತಿಗೆ ಬಂದರೆ ಸರ್ರಾ. ಇದರ ಪರಾವಲಂಬಿ ಟ್ರಿಪನೊಸೋಮಾ ಇವಾನ್ಸಿ; 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದದ್ದು. ಇದನ್ನು ಹೆಚ್ಚಾಗಿ ಹೊತ್ತೊಯ್ಯುವುದು ಕುದುರೆ ನೊಣ. ಕತ್ತರಿಯಂಥ ಬಾಯಿಂದ ಚರ್ಮ ಕೊಯ್ದು, ಊರಿದ ರಕ್ತ ನೆಕ್ಕುತ್ತದೆ. ನೋವಿಗೆ ದನ ಒದರಿದಾಗ ಅರೆಹೊಟ್ಟೆಯಲ್ಲೇ ಎದ್ದು ಪಕ್ಕದ ದನಕ್ಕೆ ಹೋಗುತ್ತದೆ, ಬಾಯಿಗೆ ಮೆತ್ತಿದ ಹಸಿ ರಕ್ತದಲ್ಲಿ ಪರಾವಲಂಬಿಯೂ ಹೋಗುತ್ತದೆ. ಎಮ್ಮೆ, ಎತ್ತುಗಳಲ್ಲಿ ಇದು ಏನೂ ತೋರಗೊಡದೆ ತಿಂಗಳುಗಟ್ಟಲೆ ಇರಬಲ್ಲದು. ಹುಲಿ, ಚಿರತೆ, ನಾಯಿ, ಕುದುರೆಗೆ ಬಂದರೆ ಕೊಲ್ಲುತ್ತದೆ. 2000ದ ಜುಲೈನಲ್ಲಿ ಒಡಿಶಾದ ನಂದನಕಾನನದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಇದೇ ಸೋಂಕಿನಿಂದ. ಮಾಂಸಾಹಾರಿಗಳಿಗೆ ಸೋಂಕಿದ ಹಸಿ ಮಾಂಸದಿಂದಲೂ ತಗಲುತ್ತದೆ. ಆದ್ದರಿಂದ ಜ್ವರ ಬಂದು ಸತ್ತ ದನವನ್ನು ಗುಡ್ಡದ ಅಂಚಿಗೆ ಎಸೆಯದೆ ಆಳವಾಗಿ ಹೂಳಿ. ಕಾಡಿಗೆ ಔಷಧ ಹೊಡೆಯುವ ಮಾತೇ ಬೇಡ. ಕರಡಿಯ ಊಟವೇ ಗೆದ್ದಲು, ಇರುವೆ, ಜೇನು.

"ಎತ್ತು ಗುಂಡಗ ತಿರುಗತದ, ಗ್ವಾಡಿಗೆ ತಲಿ ಒತ್ತಿ ನಿಲ್ಲತದ. ಜ್ವರ ಬಂದು ಬಿಟ್ಟು ಮಾಡತದ. ಊರಾಗಿನವರು ಗಾಳಿ ಅಂದು ಬರಿ ಹಾಕ್ಯಾರ."

ಬರೆ ಹಾಕಿದವರು ದನಕ್ಕೆ ಇನ್ನೊಂದು ನೋವು ಕೊಟ್ಟು, ನೊಣ ಕೂರಲು ಒಂದು ಗಾಯ ಮಾಡಿಟ್ಟಿದ್ದಾರೆ, ಅಷ್ಟೇ. ಬಿಟ್ಟು ಬಿಟ್ಟು ಬರುವ ಜ್ವರ, ಕಣ್ಣಲ್ಲಿ ನೀರು, ಬಿಳುಚಿದ ಒಸಡು, ಕಾಲು ಬಾವು, ಸುತ್ತು ತಿರುಗುವುದು, ಇವು ಸರ್ರಾ ಇರಬಹುದು. ಹುಚ್ಚುನಾಯಿ ರೋಗದಲ್ಲೂ ನಡೆ ಹೀಗೆ ಕೆಡುತ್ತದೆ, ಆದ್ದರಿಂದ ಬಾಯಿಗೆ ಬರಿಗೈ ಹಾಕಬೇಡಿ. ಜ್ವರ ಏರಿರುವಾಗಲೇ ರಕ್ತ ತೆಗೆಸಿ, ಹಸಿ ಹನಿಯನ್ನು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜ್ವರ ಇಳಿದ ಮೇಲೆ ನೋಡಿದರೆ ಸಿಗದೆ ಹೋಗಬಹುದು. ಒಮ್ಮೆ ಕಾಣಲಿಲ್ಲ ಎಂದು ರೋಗ ಇಲ್ಲ ಎನ್ನಲಾಗದು. ಚುಚ್ಚುಮದ್ದು ಇದೆ, ಯಾವುದು, ಎಷ್ಟು ಎಂಬುದನ್ನು ದನದ ತೂಕ ನೋಡಿ ವೈದ್ಯರು ತೀರ್ಮಾನಿಸಲಿ. ಅಳತೆ ತಪ್ಪಿದರೆ ಔಷಧವೇ ಕೊಲ್ಲುತ್ತದೆ, ಕಡಿಮೆಯಾದರೆ ರೋಗ ಮರುಕಳಿಸುತ್ತದೆ. ಬೈಕಿನಲ್ಲಿ ಬಂದು ಒಂದೇ ಸೂಜಿಯಲ್ಲಿ ಓಣಿಯ ಎಲ್ಲ ದನಕ್ಕೂ ಚುಚ್ಚಿಹೋಗುವವರನ್ನು ಕೊಟ್ಟಿಗೆಯೊಳಗೆ ಬಿಡಬೇಡಿ. ಆ ಸೂಜಿ ಮಾಡುವ ಕೆಲಸ ಕುದುರೆ ನೊಣ ಮಾಡುವ ಕೆಲಸವೇ, ಇನ್ನೂ ಹೆಚ್ಚು ರಕ್ತದೊಂದಿಗೆ.

"ಟ್ಸೆಟ್ಸೆ ನೊಣ ನಮ್ಮ ಕಡೆ ಬಂದಿದೆಯೇ? ಮನುಷ್ಯರಿಗೆ ನಿದ್ದೆ ರೋಗ ಬರುತ್ತದೆಯೇ?"

ನಿದ್ದೆ ರೋಗ ಹರಡುವ ಟ್ಸೆಟ್ಸೆ ಇರುವುದು ಆಫ್ರಿಕಾದಲ್ಲಿ, ಭಾರತದಲ್ಲಿ ಇಲ್ಲ. ಸರ್ರಾ ಮನುಷ್ಯರಿಗೆ ತಗಲುವುದು ತೀರಾ ಅಪರೂಪ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಲ್ಲಿ 2004ರಲ್ಲಿ ಕಂಡಿತ್ತು. ಈ ಪರಾವಲಂಬಿಯನ್ನು ಕೊಲ್ಲುವ, ಎಲ್ಲರ ರಕ್ತದಲ್ಲೂ ಇರುವ ಒಂದು ಪ್ರೋಟೀನು ಅವರಲ್ಲಿ ಇರಲಿಲ್ಲ.

"ದನಕ್ಕೆ ಜೀಬ್ರಾ ಹಾಗೆ ಪಟ್ಟೆ ಬಳಿದರೆ ನೊಣ ಬರುವುದಿಲ್ಲವಂತೆ. ಸುಳ್ಳೋ ನಿಜವೋ?"

ನಿಜ. ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿ 2019ರಲ್ಲಿ ಪ್ರಕಟಿಸಿದ್ದಾರೆ, ಕೂರುವ ನೊಣ ಅರ್ಧದಷ್ಟು ಕಡಿಮೆಯಾಗಿತ್ತು. ಆದರೆ ಬಣ್ಣ ಕೆಲವೇ ದಿನದಲ್ಲಿ ಅಳಿಸುತ್ತದೆ, ಕೆಸರಿಗೆ ಇಳಿಯುವ ಎಮ್ಮೆಯ ಮೇಲೆ ಒಂದು ದಿನವೂ ನಿಲ್ಲದು. ಮನೆಗೆ ಬಳಿಯುವ ಆಯಿಲ್ ಪೇಂಟ್ ಹಚ್ಚಿ ಪ್ರಯೋಗ ಮಾಡಬೇಡಿ.

"ಸುಟ್ಟ ಎಂಜಿನ್ ಆಯಿಲ್ ಹಚ್ಚಬಹುದಾ?"

ಹಚ್ಚಬೇಡಿ. ದನ ನೆಕ್ಕುತ್ತದೆ, ಅದರಲ್ಲಿರುವ ಲೋಹಗಳು ಹೊಟ್ಟೆಗೆ ಹೋಗುತ್ತವೆ.

"ಬೇವಿನ ಸೊಪ್ಪಿನ ಹೊಗೆ?"

ಹೊಗೆ ಇರುವಷ್ಟು ಹೊತ್ತು ನೊಣ ದೂರ. ಮುಚ್ಚಿದ ಕೊಟ್ಟಿಗೆಯಲ್ಲಿ ಕರುವಿನ ಎದೆ ಕಟ್ಟುತ್ತದೆ, ಗಾಳಿ ಆಡುವ ಕಡೆ ಹಾಲು ಕರೆಯುವ ಹೊತ್ತಿಗೆ ಮಾತ್ರ ಹಾಕಿ. ಬಣವಿಯಿಂದ ದೂರ.

"ಚರ್ಮಗಂಟು ರೋಗಕ್ಕೆ ಲಸಿಕೆ ಹಾಕಿಸಿದ್ದೇವೆ, ಇನ್ನು ನೊಣದ ಚಿಂತೆ ಇಲ್ಲವಲ್ಲ?"

ಇದೆ. ಆ ವೈರಸ್ಸನ್ನು ಹರಡುವವರಲ್ಲಿ ಕೊಟ್ಟಿಗೆ ನೊಣವೂ ಒಂದು. ಗಂಟು ಎದ್ದ ದನವನ್ನು ಸೊಳ್ಳೆಪರದೆಯೊಳಗೆ ಬೇರೆ ಕಟ್ಟಿ.

"ಐವರ್ಮೆಕ್ಟಿನ್ ಸೂಜಿ ಮಾಡಿಸಿದರೆ ನೊಣ ಹೋಗುತ್ತದೆ ಎಂದು ಔಷಧ ಅಂಗಡಿಯವರು ಹೇಳಿದರು."

ಅದು ಹೊಟ್ಟೆಹುಳ, ಕಜ್ಜಿ, ಹೇನಿನ ಔಷಧ. ಎರಡು ನಿಮಿಷ ಕಾಲಿಗೆ ಕೂತು ಹಾರಿಹೋಗುವ ಕೊಟ್ಟಿಗೆ ನೊಣವನ್ನು ಅದು ತಡೆಯದು. ಜೊತೆಗೆ ಔಷಧ ಸೆಗಣಿಯಲ್ಲಿ ಹೊರಬಿದ್ದು ಸೆಗಣಿ ಉರುಳಿಸುವ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಅವಿದ್ದರೆ ಹೊಲದಲ್ಲಿ ಬಿದ್ದ ಸೆಗಣಿ ಬೇಗನೆ ಪುಡಿಯಾಗಿ ಒಣಗುತ್ತದೆ, ಎಮ್ಮೆ ನೊಣದ ಮರಿಗೆ ಹಸಿ ಸಿಗುವುದಿಲ್ಲ. ಹೊಟ್ಟೆಹುಳಕ್ಕೆಂದು ವೈದ್ಯರು ಬರೆದಿದ್ದರೆ ಹಾಕಿಸಿ. ನೊಣಕ್ಕೆಂದು ಬೇಡ.